ಅಪ್ಪನ ಬಸ್ಸಿಗೆ ರ‍್ಯಾಮ್ ಹುಡುಕಿದ್ದು

ನವಲಗುಂದದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಝರಾಕ್ಸ್ ಅಂಗಡಿ ಇದೆ. ಝರಾಕ್ಸ್ ಎನ್ನುವುದು ಹೆಸರಿಗೆ. ಹೊಲದ ಉತಾರ ಎಂದರೆ ಪಹಣಿ ತೆಗೆಯುವುದು, ಬೆಳೆವಿಮೆಯ ಅರ್ಜಿ ತುಂಬುವುದು, ಪರೀಕ್ಷೆಯ ಹಾಲ್ ಟಿಕೆಟ್ಟು, ಎಲ್ಲವೂ ಅಲ್ಲೇ. ಹೀಗಾಗಿ ಸುತ್ತಿನ ಹಳ್ಳಿಗಳವರು ನನ್ನನ್ನು 'ಕಂಪ್ಯೂಟರ್ ಅಕ್ಕಾರು' ಎನ್ನುತ್ತಾರೆ. ಕಂಪ್ಯೂಟರಿನ ಮುಂದೆ ಹದಿನಾಲ್ಕು ವರ್ಷ ಕೂತಿದ್ದೇನೆ, ಅದು ನಿಜ. ಆದರೆ ಅದರ ಡಬ್ಬಿಯ ತಿರುಪು ಬಿಚ್ಚಿ ಒಳಗೆ ಏನಿದೆ ಎಂದು ಒಂದು ದಿನವೂ ನೋಡಿದವಳಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮುಂದಿನ ಅರ್ಧ ರಾಮಾಯಣ ತಪ್ಪುತ್ತಿತ್ತು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಮೂವತ್ತು ವರ್ಷ ಹೊಡೆದ, ಅದರಲ್ಲಿ ಬಹುಪಾಲು ನವಲಗುಂದ–ಹುಬ್ಬಳ್ಳಿ ಒಂದೇ ರೂಟು. ನಿವೃತ್ತಿಗೆ ಇನ್ನೂ ಒಂದು ವರ್ಷ ಇರುವಾಗ ಕಣ್ಣಿನ ತಪಾಸಣೆಯಲ್ಲಿ ಕಾಚಬಿಂದು ಎಂದು ಗೊತ್ತಾಯಿತು. ನೇರಕ್ಕೆ ಇದ್ದದ್ದು ಕಾಣುತ್ತದೆ, ಬಾಜೂಕ್ಕೆ ಇದ್ದದ್ದು ದಿನ ಕಳೆದಂತೆ ಅಳಿಸುತ್ತಾ ಬರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಹನಿ ಹಾಕಿಕೊಂಡು ಉಳಿದದ್ದನ್ನು ಕಾಯ್ದುಕೊಳ್ಳಬೇಕು, ಅಷ್ಟೇ. ಮಂಗಳವಾರ ಹುಬ್ಬಳ್ಳಿಗೆ ಹೋಗಿ ಬಂದವನಿಗೆ ಬುಧವಾರ ಸ್ಟೇರಿಂಗ್ ಮುಟ್ಟಬೇಡ ಎಂದರು. ಉಳಿದ ವರ್ಷವನ್ನು ಡಿಪೋದಲ್ಲಿ ಹಳೆಯ ಟೈರುಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಳೆದ. ಅತ್ತದ್ದಿಲ್ಲ, ಯಾರನ್ನೂ ಬೈದದ್ದಿಲ್ಲ. ಒಂದೇ ಒಂದು ಮಾತನ್ನು ಮಾತ್ರ ಬಂದವರೆದುರಿಗೆಲ್ಲ ಹೇಳುತ್ತಿದ್ದ.

"ಅದು ಕಡೇ ಟ್ರಿಪ್ಪು ಅಂತ ಗೊತ್ತಿದ್ರ ಇನ್ನೊಂದೀಟು ಸಾವಕಾಶ ಹೊಡೀತಿದ್ದೆ."

ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಕಂಪ್ಯೂಟರಿನಲ್ಲಿ ಬಸ್ ಹೊಡೆಯುವ ಆಟ. ಯಾರೋ ಕುಶಾಲಿನ ಮಂದಿ ಅದಕ್ಕೆ ನಮ್ಮ ಕೆಂಪು ಬಸ್ಸನ್ನೇ ಕೂಡಿಸಿದ್ದರು. ಕಪ್ಪು ಮಣ್ಣಿನ ಎರಿ ಹೊಲ, ಬೇವಿನ ಗಿಡ, ರಸ್ತೆಯ ಮೇಲೆ ಒಣಹಾಕಿದ ಕಾಳು ಸಹ ಇತ್ತು. ಟೇಬಲ್ಲಿಗೆ ಬಿಗಿಯುವ ಸ್ಟೇರಿಂಗು, ಕಾಲಿಗೆ ಕ್ಲಚ್ಚು, ಬ್ರೇಕು. ಅಪ್ಪ ನಮ್ಮೂರು ತಿರ್ಲಾಪುರದಿಂದ ಬಸ್ ಹಿಡಿದು ನೇರವಾಗಿ ನನ್ನ ಅಂಗಡಿಗೆ ಬಂದ. ಗಿರಾಕಿಗಳ ನಡುವೆ ನಿಂತು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಇದು ನನಗ ಹೊಡ್ಯಾಕ ಬರತೈತೇನಬೇ? ಒಂದ ಟ್ರಿಪ್ಪು ಸಾಕು. ಕಣ್ಣು ಇರೂದರಾಗ."

"ಅದೇನ ದೊಡ್ಡ ಮಾತು? ವಾರದಾಗ ತಂದ ಕುಂದರಸ್ತೇನಿ" ಎಂದೆ. ನಾಲ್ಕು ಗಿರಾಕಿಗಳು ಕೇಳುತ್ತಿದ್ದರಲ್ಲ, ಹಿಂದೆಗೆಯುವ ಹಾಗಿರಲಿಲ್ಲ.

ವಾರ ಎಂದದ್ದು ಐದು ತಿಂಗಳಾಯಿತು.

ಹುಬ್ಬಳ್ಳಿಯ ಅಂಗಡಿಯಲ್ಲಿ ಮಿಕ್ಕದ್ದೆಲ್ಲ ಒಂದೇ ದಿನದಲ್ಲಿ ಮುಗಿದಿತ್ತು. ಡಬ್ಬಿ, ಬೋರ್ಡು, ಚಿತ್ರದ ಕಾರ್ಡು, ದೊಡ್ಡ ಪರದೆ, ಸ್ಟೇರಿಂಗಿನ ಸೆಟ್ಟು, ಎಲ್ಲವನ್ನೂ ಅಂಗಡಿಯವನೇ ಆರಿಸಿಕೊಟ್ಟ. ನಲವತ್ತೈದರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಕೊನೆಗೆ ತಲೆ ಎತ್ತಿ, "ರ‍್ಯಾಮ್ ಎಷ್ಟ ಹಾಕ್ಲಿರಿ ಅಕ್ಕಾರ? ಎಂಟೋ, ಹದಿನಾರೋ, ಮೂವತ್ತೆರಡೋ?" ಎಂದು ಕೇಳಿದ, ಸಂತೆಯಲ್ಲಿ ಬದನೆಕಾಯಿ ಪಾವು ಕಿಲೋನೋ ಅರ್ಧವೋ ಎಂದು ಕೇಳುವ ಧಾಟಿಯಲ್ಲಿ. ನನಗೆ ಉತ್ತರ ಗೊತ್ತಿರಲಿಲ್ಲ. ನಿನಗೆ ಸರಿ ಕಂಡದ್ದನ್ನು ಹಾಕು ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅಷ್ಟರಲ್ಲಿ ನಾನು ನವಲಗುಂದದಲ್ಲಿ ಕಂಪ್ಯೂಟರಿನ ವ್ಯವಹಾರದವಳೆಂದು ಅವನಿಗೆ ಎರಡು ಸಲ ಹೇಳಿಯಾಗಿತ್ತು.

"ಮೆಮರಿ ನಾನ ನೋಡಿ ತಗೋತೇನ್ರಿ" ಎಂದೆ.

"ಇವತ್ತ ತಗೋರಿ. ರೇಟು ಏರಾಕತ್ತೇತಿ" ಎಂದ.

ಅಂಗಡಿಯವರು ಯಾವಾಗ ರೇಟು ಇಳಿಯುತ್ತದೆ ಎಂದಿದ್ದಾರೆ? ಕಿವಿಗೆ ಹಾಕಿಕೊಳ್ಳದೆ ಟೆಂಪೋ ಹತ್ತಿಸಿಕೊಂಡು ಬಂದೆ.

ಅಲ್ಲಿಂದ ನನ್ನ ತಲೆ ಚಿಟ್ಟು ಹಿಡಿಯಲು ಶುರುವಾಯಿತು. ರ‍್ಯಾಮ್ ಎಂದರೆ ಏನು ಎನ್ನುವುದು ಒಂದು ಸಂಜೆಯಲ್ಲಿ ತಿಳಿಯಿತು. ನನ್ನ ಅಂಗಡಿಯ ಕೌಂಟರ್ ಇದ್ದ ಹಾಗೆ. ಕೌಂಟರ್ ಅಗಲ ಇದ್ದರೆ ಹತ್ತು ಜನರ ಕಾಗದ ಹರವಿಕೊಂಡು ಪಟಪಟ ಕೆಲಸ ಮಾಡಬಹುದು. ಸಣ್ಣದಿದ್ದರೆ ಪ್ರತಿಯೊಂದಕ್ಕೂ ಒಳಗಿನ ಕಪಾಟಿಗೆ ಓಡಬೇಕು. ಅಪ್ಪನ ಆಟದಲ್ಲಿ ರಸ್ತೆ, ಊರು, ಗಿಡ, ಎದುರಿಗೆ ಬರುವ ಟ್ರ್ಯಾಕ್ಟರು ಎಲ್ಲವನ್ನೂ ಕೌಂಟರಿನ ಮೇಲೆ ಹರವಬೇಕು, ಇಲ್ಲದಿದ್ದರೆ ಬಸ್ಸು ಗಕ್ಕನೆ ನಿಂತು ನಿಂತು ಹೋಗುತ್ತದೆ. ಇಷ್ಟು ಸಾಕಿತ್ತು. ಇಷ್ಟಕ್ಕೆ ಮೊಬೈಲು ಮುಚ್ಚಿ ಇಟ್ಟಿದ್ದರೆ ನಾನು ಜಾಣೆ ಎನ್ನಿಸಿಕೊಳ್ಳುತ್ತಿದ್ದೆ.

ಒಬ್ಬ ಹದಿನಾರು ಧಾರಾಳ ಎಂದ. ಇನ್ನೊಬ್ಬ, ಈ ಕಾಲದಲ್ಲಿ ಹದಿನಾರು ಹಾಕುವವನು ಮೂರ್ಖ ಎಂದ. ಮೂರನೆಯವನು ಎಷ್ಟು ಎನ್ನುವುದಕ್ಕಿಂತ ಎಷ್ಟು ವೇಗ ಎನ್ನುವುದು ಮುಖ್ಯ ಎಂದು ಮೂರು ಸಾವಿರದ ಇನ್ನೂರು, ಮೂರು ಸಾವಿರದ ಆರುನೂರು ಎಂದು ಮಂತ್ರ ಹೇಳಿದ. ನಾಲ್ಕನೆಯವನಿಗೆ ವೇಗವೂ ಮುಖ್ಯವಲ್ಲ, ಮೆಮರಿ ಎನ್ನುವ ಆ ಉದ್ದನೆಯ ಪಟ್ಟಿಯ ಮೇಲೆ ಬರೆದ ಇನ್ನೊಂದು ಅಂಕಿ ಇದೆ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಐದನೆಯವನು ಈ ನಾಲ್ವರನ್ನೂ ನಂಬಬೇಡಿ ಎಂದ. ಕೆಲವು ರ‍್ಯಾಮ್‌ಗಳಿಗೆ ಮದುವೆ ಮಂಟಪದ ಹಾಗೆ ಬಣ್ಣಬಣ್ಣದ ದೀಪ. ಮುಚ್ಚಿದ ಡಬ್ಬಿಯೊಳಗೆ ಯಾರ ಮೆರವಣಿಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಗಳ ಹಿಂಬದಿಯ ಮೇಲೆ ಇದನ್ನೆಲ್ಲ ಪಟ್ಟಿ ಮಾಡುತ್ತಾ ಹೋದೆ. ಒಂದು ಹಾಳೆ ತುಂಬಿದರೆ ಇನ್ನೊಂದು. ಅತ್ತ ಅಂಗಡಿಯವನು ಹೇಳಿದ್ದು ಸುಳ್ಳಾಗಿರಲಿಲ್ಲ, ಹುಬ್ಬಳ್ಳಿಗೆ ಫೋನ್ ಮಾಡಿದಾಗಲೆಲ್ಲ ರೇಟು ಏರಿರುತ್ತಿತ್ತು. ದೊಡ್ಡ ದೊಡ್ಡ ಕಂಪನಿಗಳು ಇದ್ದಬದ್ದದ್ದನ್ನೆಲ್ಲ ಎತ್ತುತ್ತಿವೆಯಂತೆ. ಇಳಿದ ಮೇಲೆ ತಂದರಾಯಿತು ಎಂದು ನಾನು ಹಟಕ್ಕೆ ಬಿದ್ದೆ.

ಮನೆಯಲ್ಲಿ ಪಡಸಾಲೆಯ ಮೂಲೆಗೆ ಟೇಬಲ್ಲು ಹಾಕಿ ಪರದೆ ಇಟ್ಟು ಸ್ಟೇರಿಂಗ್ ಬಿಗಿದಿದ್ದೆವು. ಡಬ್ಬಿಯ ಮೇಲೆ ಅವ್ವ ಹಳೆಯ ಟವೆಲ್ಲು ಹೊದಿಸಿ ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟಳು. ಅಪ್ಪ ದಿನಾ ಬೆಳಿಗ್ಗೆ ಚಹಾ ಕುಡಿದು ಆ ಟೇಬಲ್ಲಿನ ಮುಂದೆ ಕೂರುತ್ತಿದ್ದ. ಪರದೆ ಕಪ್ಪು. ಕ್ಲಚ್ಚು ತುಳಿದು, ಗೇರು ಹಾಕಿ, ಸ್ಟೇರಿಂಗು ತಿರುಗಿಸುತ್ತಿದ್ದ. ಹುಬ್ಬಳ್ಳಿಯವರೆಗಿನ ಒಂದೊಂದು ತಿರುವೂ ಅವನ ಕೈಗೆ ಗೊತ್ತಿತ್ತು. ಬೆಣ್ಣಿಹಳ್ಳದ ಸೇತುವೆ ಬಂದಾಗ ಗೇರು ಇಳಿಸುತ್ತಿದ್ದ. ಇದನ್ನು ನೋಡಿದಾಗ ನನಗೆ ಕರುಳು ಚುರುಕ್ ಎನ್ನಬೇಕಿತ್ತು. ಸಿಟ್ಟು ಬರುತ್ತಿತ್ತು. ನನ್ನ ಮಾತು ಸುಳ್ಳಾದದ್ದನ್ನು ದಿನಾ ಬೆಳಿಗ್ಗೆ ಕೂತು ತೋರಿಸುತ್ತಾನೆ ಎನ್ನಿಸುತ್ತಿತ್ತು.

"ಯಪ್ಪಾ, ಕರೆಂಟ್ ಇಲ್ಲದ ಮಷೀನಿನ ಮುಂದ ಏನ ಕುಸ್ತಿ ಹಿಡೀತಿ?"

"ಕೈ ಮರೀಬಾರದಲ್ಲಬೇ" ಎನ್ನುತ್ತಿದ್ದ. ಅಷ್ಟೇ. ಮೆಮರಿ ಎಲ್ಲಿ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅವ್ವನದು ಬೇರೆಯೇ ತರಹ. ಅವಳು ಕುಬಿಹಾಳದ ಒಕ್ಕಲುತನದ ಮನೆಯವಳು, ಬಸ್ಸೆಂದರೆ ಅವಳಿಗೆ ಹಳೆಯ ಮುನಿಸು. ಅಪ್ಪ ಮೂವತ್ತು ವರ್ಷದಲ್ಲಿ ಮನೆಯವರನ್ನು ತನ್ನ ಬಸ್ಸಿಗೆ ಹತ್ತಿಸಿದವನಲ್ಲ. ಮನೆಯವರು ಬೆನ್ನ ಹಿಂದೆ ಕೂತರೆ ಡ್ರೈವರನ ಲಕ್ಷ್ಯ ಕನ್ನಡಿಯಲ್ಲಿರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ ಎಂದು ಅವನ ನಿಯಮ. ತವರಿಗೆ ಹೊರಟ ಅವ್ವ ನನ್ನ ಕೈ ಹಿಡಿದುಕೊಂಡು ನವಲಗುಂದದ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಅಪ್ಪನ ಬಸ್ಸು ನಮ್ಮೆದುರೇ ಖಾಲಿ ಸೀಟು ಹೊತ್ತು ಹುಬ್ಬಳ್ಳಿಗೆ ಹೋಗುತ್ತಿತ್ತು, ನಾವು ಹಿಂದಿನ ಬಸ್ಸಿಗೆ ಹೋಗುತ್ತಿದ್ದೆವು. "ಆಗ ಹತ್ತಸಲಿಲ್ಲ. ಈಗ ಪಡಸಾಲ್ಯಾಗ ಬಸ್ ತಂದ ನಿಲ್ಲಿಸ್ಯಾರ, ಕಸಾ ಹೊಡ್ಯಾಕ ಜಾಗಾ ಇಲ್ಲ" ಎಂದು ದಿನಕ್ಕೊಮ್ಮೆ ಗೊಣಗುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂದಾಗ ಅಪ್ಪ ಕಣ್ಣಿನ ಹೊಸ ರಿಪೋರ್ಟು ಹಿಡಿದುಕೊಂಡು ಝರಾಕ್ಸಿಗೆ ಬಂದ. ಎರಡು ಕಣ್ಣಿಗೆ ಎರಡು ದುಂಡನೆಯ ಚಿತ್ರ, ನಡುವೆ ಬಿಳುಪು, ಅಂಚಿಗೆ ಕಪ್ಪು. ಮೊಬೈಲಿನಲ್ಲಿ ಮೆಮರಿಯ ವಿಡಿಯೋ ಓಡುತ್ತಲೇ ಇತ್ತು. ನೋಡದೆ ಮಗುಚಿ ಹಾಕಿ ಗುಂಡಿ ಒತ್ತಿದೆ. ಪ್ರತಿ ಬಹಳ ಕಪ್ಪಾಗಿ ಬಂತು. ಯಂತ್ರ ಇಂಕು ಹೆಚ್ಚಿಗೆ ಉಗುಳುತ್ತಿದೆ ಎಂದುಕೊಂಡು ತಿಳಿ ಮಾಡಿ ಇನ್ನೊಂದು ತೆಗೆದುಕೊಟ್ಟೆ. ಕೆಟ್ಟ ಪ್ರತಿಯನ್ನು ರದ್ದಿಗೆ ಎಸೆದೆ.

"ಡಾಕ್ಟರ್ ಏನಂದ್ರು?"

"ಇದ್ದಂಗ ಐತಿ ಅಂದ್ರು."

ಅದೇ ವಾರ ನಾನು ನಿರ್ಧಾರಕ್ಕೆ ಬಂದೆ. ಕೊಳ್ಳುವುದಾದರೆ ಹೊಸ ಜಾತಿಯದನ್ನೇ ಕೊಳ್ಳಬೇಕು, ಹಳೆಯದಕ್ಕೆ ಭವಿಷ್ಯವಿಲ್ಲ ಎಂದು ವಿಡಿಯೋದವರೆಲ್ಲ ಆ ಒಂದು ಮಾತಿನಲ್ಲಿ ಒಮ್ಮತದಲ್ಲಿದ್ದರು. ಆನ್‌ಲೈನಿನಲ್ಲಿ ಡಿಡಿಆರ್ ಐದು ತರಿಸಿದೆ. ಭಾನುವಾರ ಡಬ್ಬಿ ಬಿಚ್ಚಿ, ಅಪ್ಪ ಅವ್ವ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಹದಿನಾಲ್ಕು ವರ್ಷದ ಅನುಭವದವಳ ಹಾಗೆ ಒತ್ತಿದೆ. ಕೂರಲಿಲ್ಲ. ತಿರುಗಿಸಿ ಒತ್ತಿದೆ. ಕೂರಲಿಲ್ಲ. ಪಟ್ಟಿಯ ಕೆಳಗೆ ಒಂದು ಸಣ್ಣ ಕಚ್ಚು ಇರುತ್ತದೆ, ಬೋರ್ಡಿನಲ್ಲಿ ಅದಕ್ಕೆ ಸರಿಯಾಗಿ ಒಂದು ಗುಬಟು. ಎರಡೂ ಭೇಟಿಯಾಗಲಿಲ್ಲ. ಅಪ್ಪ ಹಿಂದಿನಿಂದ ಮೆಲ್ಲಗೆ, "ಬ್ಯಾರೇ ಗಾಡಿ ಸ್ಪೇರ್ ಇರಬೇಕು ನೋಡಬೇ" ಎಂದ. ಮೈ ಉರಿಯಿತು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಹುಬ್ಬಳ್ಳಿಯವನು ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, "ನಿಮ್ಮ ಬೋರ್ಡು ಡಿಡಿಆರ್ ನಾಕರದ್ದೈತಿ ಅಕ್ಕಾರ. ಬೋರ್ಡಿನ ಡಬ್ಬಿ ಮ್ಯಾಲ ಬರದೈತೆಲ್ಲ" ಎಂದ. ಬರೆದಿತ್ತು. ಅಕ್ಷರ ಹೆಬ್ಬೆರಳಿನಷ್ಟು ದಪ್ಪ ಇತ್ತು. ಆ ಡಬ್ಬಿಯನ್ನು ಅವ್ವ ಒಣಮೆಣಸಿನಕಾಯಿ ಬೀಜ ಹಾಕಿಡಲು ಇಟ್ಟುಕೊಂಡಿದ್ದಳು.

ತರಿಸಿದ್ದನ್ನು ತಿರುಗಿ ಕಳಿಸಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪರೀಕ್ಷೆ ಅರ್ಜಿಗಳ ಹಂಗಾಮು, ಅಂಗಡಿಯಲ್ಲಿ ಉಸಿರು ಬಿಡಲು ಸಮಯವಿಲ್ಲ. ಆಮೇಲೆ ಇನ್ನೊಂದು ತಕರಾರು: ಹದಿನಾರರದು ಒಂದೇ ಪಟ್ಟಿ ಹಾಕಬೇಕೋ, ಎಂಟೆಂಟರ ಎರಡು ಹಾಕಬೇಕೋ? ಒಂದೇ ಹಾಕಿ, ಮುಂದೆ ರೇಟು ಇಳಿದಾಗ ಇನ್ನೊಂದು ಕೂಡಿಸೋಣ ಎಂದು ನನ್ನ ಲೆಕ್ಕಾಚಾರ. ಎರಡಿದ್ದರೆ ಕೂಡಿಯೇ ಎಳೆಯುತ್ತವೆ, ಒಂದೇ ಅಳತೆಯ ಜೋಡಿಯನ್ನೇ ಒಯ್ಯಿರಿ ಎಂದು ಅಂಗಡಿಯವನ ಫೋನು. ನಾನು ಊಟ ಮಾಡುತ್ತಾ ಈ ಪಂಚಾಯಿತಿಯನ್ನು ಬಾಯಿಬಿಟ್ಟು ಆಡುತ್ತಿದ್ದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಂಟಿ ಎತ್ತ ತಂದು ಹೂಡ್ತಾರೇನ ಯಾರರ? ಅದರ ಜೋಡಿ ಮುಂದಿನ ವರ್ಷ ಸಿಗತೈತಿ ಅಂತ? ಸಿಕ್ಕರೂ ಇದರ ಎತ್ತರಾ ಇರತೈತೇನ ಅದು?"

ಎಂಟು ವಿಡಿಯೋ ನೋಡಿ ನನಗೆ ಹೊಳೆಯದ್ದನ್ನು ಅವಳು ಹಿಟ್ಟಿನ ಕೈಯಲ್ಲಿ ಹೇಳಿಬಿಟ್ಟಳು. ನನಗೆ ಅದೂ ಸಿಟ್ಟು.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಜೋಡಿ ಬಂತು. ಎಂಟೆಂಟರದಲ್ಲ, ಹಟ ಸಾಧಿಸಿ ಹದಿನಾರರ ಎರಡು ತಂದಿದ್ದೆ. ತಂದದ್ದು ಭಾನುವಾರ ಸಂಜೆ. ಟೇಬಲ್ಲಿನ ಮೇಲಿಟ್ಟು, "ನಾಳೆ ನಾನ ಬಂದ ಹಾಕ್ತೇನಿ, ಯಾರೂ ಮುಟ್ಟಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿದೆ. ಸೋಮವಾರ ಅಂಗಡಿ ಮುಗಿಸಿ ಬಂದು ಹಾಕಿದೆ. ಈ ಸಲ ಕಚ್ಚಿಗೆ ಗುಬಟು ಕೂತು ಟಕ್ ಎಂದವು. ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಖಾಕಿ ಅಂಗಿ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದ. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಬೋರ್ಡಿನ ಮೂಲೆಯಲ್ಲಿ ಕೆಂಪು ದೀಪವೊಂದು ಹತ್ತಿ ನಿಂತಿತು. ಪರದೆ ಮಾತ್ರ ಕಪ್ಪು.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಕೆಂಪು ದೀಪ ಮೆಮರಿಯ ದೋಷ ಎಂದು ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿತ್ತು. ತೆಗೆದು ಹಾಕಿದೆ, ಒಂದೊಂದೇ ಹಾಕಿದೆ, ಎಡದ್ದನ್ನು ಬಲಕ್ಕೆ ಹಾಕಿದೆ. ವೇಗ ಹೆಚ್ಚಾಯಿತೇನೋ, ಈ ಬೋರ್ಡಿಗೆ ಈ ಕಂಪನಿಯದು ಆಗಿಬರುವುದಿಲ್ಲವೇನೋ, ಮತ್ತೆ ತಪ್ಪು ಆರಿಸಿದೆನೇನೋ ಎಂದು ನನ್ನನ್ನು ನಾನೇ ಗಟ್ಟಿಯಾಗಿ ಬೈದುಕೊಂಡೆ. ಬಂದ ಗಿರಾಕಿಗಳನ್ನೂ ಬೈದೆ. ಒಬ್ಬ ಮುದುಕನಿಗೆ ಅವನ ಹೊಲದ್ದರ ಬದಲು ಬೇರೆಯವರ ಹೊಲದ ಉತಾರ ತೆಗೆದುಕೊಟ್ಟು, ಅವನು ತಿರುಗಿ ಬಂದಾಗ ಅವನ ಮೇಲೆಯೇ ಹರಿಹಾಯ್ದೆ. ಅಪ್ಪ ಮಾತ್ರ ಆ ವಾರ ನನ್ನ ಮುಖ ನೋಡುತ್ತಿರಲಿಲ್ಲ.

ಶನಿವಾರ ಡಬ್ಬಿಯನ್ನೇ ಹೊತ್ತುಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿಯವನು ಪಟ್ಟಿಗಳನ್ನು ಎತ್ತಿ ದೀಪದ ಕೆಳಗೆ ಹಿಡಿದ. ಹೊನ್ನಿನ ಬಣ್ಣದ ಹಲ್ಲುಗಳ ಸಾಲನ್ನು ಬೆರಳಿನಿಂದ ಒರೆಸಿ, ಬೆರಳನ್ನು ಮೂಗಿನ ಹತ್ತಿರ ಒಯ್ದ.

"ಅಕ್ಕಾರ, ಇದಕ್ಕ ಯಾರು ವಿಭೂತಿ ಹಚ್ಚ್ಯಾರ್ರಿ?"

ಹಲ್ಲುಗಳ ಸಂದಿಯಲ್ಲಿ ತೆಳ್ಳಗೆ ಬೂದು ಬಣ್ಣ. ಒಂದು ತುದಿಯಲ್ಲಿ ಕುಂಕುಮದ ಕಣ. ಬೋರ್ಡಿನ ಸಂದಿಯಲ್ಲೂ ಉದುರಿತ್ತು. ಅವನು ನಗಲಿಲ್ಲ, ಡ್ರಾವರಿನಿಂದ ಶಾಲೆಯ ರಬ್ಬರು ತೆಗೆದು ಹಲ್ಲುಗಳನ್ನು ತಿಕ್ಕಿದ, ಬ್ರಷ್ಷಿನಿಂದ ಸಂದಿ ಝಾಡಿಸಿದ, ಹಾಕಿ ಗುಂಡಿ ಒತ್ತಿದ. ಪರದೆ ಬೆಳಗಿತು. "ರ‍್ಯಾಮ್ ಚೊಲೋದ ಆರಿಸೀರಿ" ಎಂದ. ಐದು ತಿಂಗಳಲ್ಲಿ ನನಗೆ ಸಿಕ್ಕ ಒಂದೇ ಶಹಬ್ಬಾಸ್‌ಗಿರಿ ಅದು, ಅದನ್ನು ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಬರುವಷ್ಟು ಹೊತ್ತೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ. ಮನೆಗೆ ಕಾಲಿಟ್ಟವಳೇ ಶುರು ಮಾಡಿದೆ.

"ಯಪ್ಪಾ, ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ? ದೇವರ ಜಗಲಿ ಏನ ಅದು, ವಿಭೂತಿ ಹಚ್ಚಾಕ?"

ಅಪ್ಪ ಒಪ್ಪಿಕೊಂಡ. ಮೂವತ್ತು ವರ್ಷ ಸ್ಟೇರಿಂಗಿಗೆ ಮೂರು ಬೆರಳು ವಿಭೂತಿ ಎಳೆಯದೆ ಅವನು ಡಿಪೋದಿಂದ ಬಸ್ಸು ಹೊರಗೆ ತಂದಿಲ್ಲ. ಹೊಸ ಬಿಡಿಭಾಗ ಹಾಕಿದ ದಿನ ಆ ಭಾಗಕ್ಕೂ ಹಚ್ಚಬೇಕು, ಮೊದಲನೇ ಟ್ರಿಪ್ಪಿಗೆ. ಸೋಮವಾರ ಮಧ್ಯಾಹ್ನ ಪಟ್ಟಿಗಳ ಪೊಟ್ಟಣ ಬಿಚ್ಚಿ, ನೀರಿನಲ್ಲಿ ಕಲಸಿದ ವಿಭೂತಿಯನ್ನೂ ಒಂದಿಷ್ಟು ಕುಂಕುಮವನ್ನೂ ಆ ಹೊನ್ನಿನ ಬಣ್ಣದ ಕಡೆಗೇ ಹಚ್ಚಿದ್ದ. ಉಳಿದ ಕಡೆ ಎಲ್ಲ ಕರಿ, ಅಲ್ಲಿ ಹಚ್ಚಲು ಮನಸ್ಸು ಬರಲಿಲ್ಲವಂತೆ. ಮಗಳು ಬಂದರೆ ಬೈಯುತ್ತಾಳೆ ಎಂದು ಅವ್ವ ಹೇಳಿದ್ದಕ್ಕೆ ಧೋತರದ ಚುಂಗಿನಿಂದ ಒರೆಸಿಟ್ಟಿದ್ದ.

"ಇಡೀ ವಾರ ನಾ ಹುಚ್ಚಿಯಂಗ ಮಾಡಿದೆ. ಆಗರ ಹೇಳಬಾರದಾಗಿತ್ತಾ?"

"ಅದರಿಂದ ಕೆಟ್ಟೇತಿ ಅಂತ ನನಗೇನ ಗೊತ್ತು? ಬಸ್ಸು ಒಂದ ದಿನಾ ಕೆಟ್ಟಿಲ್ಲ" ಎಂದ.

ಜೋಡಿಸಿಕೊಂಡು ಬಂದ ಬೈಗಳೆಲ್ಲ ವ್ಯರ್ಥವಾದವು.

ಮರುದಿನ ಭಾನುವಾರ ಬೆಳಿಗ್ಗೆ ಬಸ್ಸು ಹೊರಟಿತು. ಪರದೆಯ ತುಂಬ ಕೆಂಪು ಬಸ್ಸಿನ ಮುಂಗಾಜು, ಆಚೆ ರಸ್ತೆ, ಬೇವಿನ ಗಿಡ, ಎರಿ ಹೊಲ. ಒಂದು ಕಡೆಯೂ ತಡವರಿಸಲಿಲ್ಲ, ಮೂವತ್ತೆರಡು ಮೂವತ್ತೆರಡೇ. ಅಪ್ಪ ಈ ಸಲ ಸ್ಟೇರಿಂಗಿಗೆ ಮಾತ್ರ ವಿಭೂತಿ ಎಳೆದು, ಮೊದಲನೇ ಗೇರು ಹಾಕಿ ಮೆತ್ತಗೆ ಬಿಟ್ಟ. ನಾನು ಪಕ್ಕದ ಸ್ಟೂಲಿನ ಮೇಲೆ ಎದೆಯುಬ್ಬಿಸಿ ಕೂತೆ. ಎರಡು ನಿಮಿಷ. ಒಂದು ಸ್ಟಾಪಿನಿಂದ ಹೊರಟವನು ಎಡಕ್ಕೆ ನಿಂತಿದ್ದ ಸೈಕಲ್ಲಿಗೆ ನೇರವಾಗಿ ಹೊಡೆದ. ಮತ್ತೆ ಹೊರಟ. ಬಲಗಡೆಯ ಟ್ರ್ಯಾಕ್ಟರಿಗೆ ತಾಗಿಸಿದ.

"ಯಪ್ಪಾ, ಕನ್ನಡಿ ನೋಡೋ!"

"ಎಡಾ ಕನ್ನಡಿ ಎಲ್ಲೈತಬೇ ಇದರಾಗ? ಬರೇ ರಸ್ತಾ ಕಾಣ್ತೈತಿ."

ಕನ್ನಡಿ ಪರದೆಯ ಎಡ ಮೂಲೆಯಲ್ಲಿ ಅಂಗೈ ಅಗಲ ಇತ್ತು. ಬಲಕ್ಕೂ ಇತ್ತು. ನನಗೆ ಮೊದಲು ಬಂದ ಯೋಚನೆ ಏನೆಂದು ಹೇಳಲು ನಾಚಿಕೆಯಾಗುತ್ತದೆ: ಮೆಮರಿಯದೇ ಏನೋ ತಪ್ಪಿದೆ, ಚಿತ್ರದ ಅಂಚು ಅವನಿಗೆ ತಡವಾಗಿ ಮೂಡುತ್ತಿದೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಏನೋ ಬರೆದಿದ್ದೆನಲ್ಲ ಎಂದು ಚೀಲದಿಂದ ಆ ಹಾಳೆಗಳನ್ನು ತೆಗೆದು ಹುಡುಕತೊಡಗಿದೆ. ಒಂದು ಹಾಳೆ ಮಗುಚಿ ಬಿತ್ತು.

ಅದು ಸಂಕ್ರಾಂತಿಯ ವಾರದಲ್ಲಿ ಕೆಟ್ಟುಹೋಯಿತೆಂದು ನಾನು ಎಸೆದ ಪ್ರತಿ. ಎರಡು ದುಂಡನೆಯ ಚಿತ್ರ. ಸುತ್ತಲೂ ಕಪ್ಪು, ನಡುವೆ ಒಂದು ಬಿಳಿಯ ಚುಕ್ಕೆ, ಸುಮಾರು ಕೋಡುಬಳೆಯ ತೂತಿನಷ್ಟು. ಯಂತ್ರ ಇಂಕು ಹೆಚ್ಚು ಉಗುಳಿರಲಿಲ್ಲ. ಅಪ್ಪನ ಕಣ್ಣು ಹೇಗಿತ್ತೋ ಹಾಗೆಯೇ ಬಂದಿತ್ತು: ಬಿಳುಪಿದ್ದಷ್ಟೇ ಅವನಿಗೆ ಕಾಣುವುದು, ಕಪ್ಪೆಲ್ಲ ಅಳಿಸಿ ಹೋದದ್ದು. ಅದನ್ನು ನಾನು ತಿಳಿ ಮಾಡಿ ಅವನ ಕೈಗೆ ಕೊಟ್ಟು, ಇದರ ಬೆನ್ನ ಮೇಲೆ ಎಂಟು ಕಂಪನಿಗಳ ಮೆಮರಿಯನ್ನು ಒಂದಕ್ಕೊಂದು ಹೋಲಿಸಿ ಬರೆದಿದ್ದೆ. ದೀಪಾವಳಿಯ ಹೊತ್ತಿನ ರಿಪೋರ್ಟು ಮನೆಯಲ್ಲೇ ಇತ್ತು. ಎರಡು ಕಾಗದ ಅಕ್ಕಪಕ್ಕ ಹಿಡಿಯಲು ನನಗೆ ಐದು ತಿಂಗಳಲ್ಲಿ ಪುರಸೊತ್ತಾಗಿರಲಿಲ್ಲ. ದೀಪಾವಳಿಗೆ ಅಂಗಡಿಯವನು ಕೇಳಿದಾಗ ಎಂಟೋ ಹದಿನಾರೋ ಯಾವುದೋ ಒಂದನ್ನು ಹಾಕಿಸಿಕೊಂಡು ಬಂದಿದ್ದರೆ, ಬಸ್ಸು ನಿಂತು ನಿಂತಾದರೂ ಹೋಗುತ್ತಿತ್ತು, ಅಪ್ಪನಿಗೆ ಎರಡೂ ಕನ್ನಡಿ ಕಾಣುತ್ತಿದ್ದವು. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಈ ಸಲ ಬೈಯಲು ಬೇರೆ ಯಾರೂ ಇರಲಿಲ್ಲ.

"ಇದ್ದಂಗ ಐತಿ ಅಂತ ಯಾಕ ಸುಳ್ಳ ಹೇಳಿದಿ?" ಎಂದೆ.

"ಹೇಳಿದ್ರ ನೀ ಗಡಬಡಿಸಿ ಯಾವುದರ ಹಾಳಮೂಳ ತಂದ ಹಾಕ್ತಿದ್ದಿ. ಇಷ್ಟ ಆಸ್ಥೆಯಿಂದ ಆರಸಾಕತ್ತಿದ್ದೆಲ್ಲ" ಎಂದ. ಆಮೇಲೆ ನಕ್ಕ. "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ. ಹೋಗ್ಲಿ ಬಿಡು, ಬಂದ್ ಮಾಡು."

ಕೈಯನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ. ನಾನು ಸ್ಟೂಲನ್ನು ಅವನ ಎಡಕ್ಕೆ, ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

"ಬಂದ್ ಮಾಡಂಗಿಲ್ಲ. ಕಂಡಕ್ಟರ್ ಇಲ್ಲದ ಯಾವ ಡ್ರೈವರ್ ಗಾಡಿ ಹೊಡದಾನ? ನೀ ರಸ್ತಾ ನೋಡು, ಕನ್ನಡಿ ನಾ ನೋಡ್ತೇನಿ."

ಅವನು ಗುಂಡಿ ತಿರುಗಿ ಹಾಕಿಕೊಂಡ. ಹೊರಟೆವು. ಎಡಕ್ಕೆ ಸೈಕಲ್ಲು ಕಂಡರೆ ನಾನು "ಹೋಲ್ಡಾನ್" ಎ‌ನ್ನುವುದು, ದಾರಿ ಖಾಲಿಯಾದರೆ "ರೈಟ್" ಎನ್ನುವುದು. ನಾನು ಕೆಟ್ಟ ಕಂಡಕ್ಟರ್. ಒಂದು ಸೆಕೆಂಡು ತಡವಾಗಿ ಕೂಗುತ್ತಿದ್ದೆ, ಬಲಕ್ಕಿದ್ದದ್ದನ್ನು ಎಡಕ್ಕೆ ಎನ್ನುತ್ತಿದ್ದೆ. "ಬಾಯಾಗ ಏನ ಅವಲಕ್ಕಿ ಹಾಕ್ಕೊಂಡೀಯೇನಬೇ? ಗಟ್ಟೆ ಒದರು!" ಎಂದು ಅವನು ಗದರಿಸಿದ. ನಾನು ತಿರುಗಿ ಗದರಿಸಿದೆ. ಅವನು ಬಲು ಸಾವಕಾಶ ಹೊಡೆಯುತ್ತಿದ್ದ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು, ಅವನಿಗೆ ಅದರ ಪರಿವೆ ಇರಲಿಲ್ಲ. ಪ್ರತಿ ಸ್ಟಾಪಿಗೂ ನಿಲ್ಲಿಸಿದ.

ಕಡೆಯ ಸ್ಟಾಪು ಬಂತು. ಬ್ರೇಕು ಒತ್ತಿ, ಕೈ ಸ್ಟೇರಿಂಗಿನ ಮೇಲೆಯೇ ಇಟ್ಟುಕೊಂಡು ಕೇಳಿದ.

"ಒಳಗಿನ ಕನ್ನಡಿ ನನಗ ಕಾಣವಲ್ದು. ಹಿಂದ ಯಾರರ ಇಳಿಯೋರು ಅದಾರೇನ ನೋಡು."

ಆಟದ ಬಸ್ಸಿನಲ್ಲಿ ಯಾರೂ ಇರಲಿಲ್ಲ. ನಾನು ತಿರುಗಿ ನೋಡಿದೆ. ನಮ್ಮ ಬೆನ್ನ ಹಿಂದೆ, ಹೊರಸಿನ ಮೇಲೆ, ಅವ್ವ ಮೊರದಲ್ಲಿ ಬಳ್ಳೊಳ್ಳಿ ಹಾಕಿಕೊಂಡು ಕೂತಿದ್ದಳು. ಯಾವಾಗ ಬಂದು ಕೂತಳೋ ಗೊತ್ತಿಲ್ಲ.

"ಒಬ್ಬಾಕಿ ಅದಾಳ" ಎಂದೆ.

ಅಪ್ಪ ತಿರುಗಲಿಲ್ಲ. ಅವ್ವ ಬಳ್ಳೊಳ್ಳಿ ಸುಲಿಯುವುದನ್ನು ಬಿಡಲಿಲ್ಲ.

"ನಾ ಇಳಿಯಂಗಿಲ್ಲ" ಎಂದಳು. "ಮೂವತ್ತ ವರ್ಷದ ಮ್ಯಾಲ ಹತ್ತೇನಿ. ಹೊಡೀರಿ ಗಾಡಿ."

ಅಪ್ಪ ಕ್ಲಚ್ಚು ತುಳಿದು ನನ್ನ ಮಾತಿಗೆ ಕಾದ. ನಾನು ಎಡಗಡೆಯ ಕನ್ನಡಿ ನೋಡಿದೆ, ಬಲಗಡೆಯದನ್ನೂ ನೋಡಿದೆ. ರೈಟ್ ಎಂದೆ, ಅವನಿಗೆ ಕೇಳಿಸಲಿಲ್ಲ, ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು.